ಮಣ್ಣಿನ ವಾಸನೆಯಿಂದ ಕ್ಷಯದ ಇಂಜೆಕ್ಷನ್ನಿನವರೆಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಮಳೆಯೆಂದರೆ ಅಪರೂಪದ ನೆಂಟ. ಬೇಸಿಗೆಯಿಡೀ ಕಾದು ಬಿರುಕು ಬಿಟ್ಟ ಕಡಲೆಕಾಯಿ ಹೊಲದ ಮೇಲೆ ಮೊದಲ ಹನಿಗಳು ಬಿದ್ದೊಡನೆ ಏಳುವ ವಾಸನೆಯನ್ನು ಇಲ್ಲಿನ ರೈತನಿಗೆ ಯಾರೂ ಪರಿಚಯಿಸಬೇಕಿಲ್ಲ. ಆದರೆ ಅದು ಬರೀ ಮಣ್ಣಿನ ವಾಸನೆಯಲ್ಲ. ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ಅದೇ ಕುಲದ ಇನ್ನೊಂದು ತಯಾರಿಕೆಯೇ ಸ್ಟ್ರೆಪ್ಟೊಮೈಸಿನ್. ಕ್ಷಯರೋಗವನ್ನು ಮಣಿಸಿದ ಮೊದಲ ಔಷಧ ಅದು.

ಈ ಎರಡೂ ತಯಾರಾಗುವುದು ಕಿಣ್ವಗಳಿಂದ. ಕಿಣ್ವವೆಂದರೆ ಜೀವಕೋಶದ ಕೆಲಸಗಾರ. ಒಂದು ವಸ್ತುವನ್ನು ಹಿಡಿದು, ಕತ್ತರಿಸಿ ಅಥವಾ ಜೋಡಿಸಿ, ಇನ್ನೊಂದನ್ನಾಗಿಸುವ ಪ್ರೋಟೀನ್. ಹಾಲಿಗೆ ಹೆಪ್ಪು ಹಾಕಿದಾಗ ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುವುದೂ ಬ್ಯಾಕ್ಟೀರಿಯಾದ ಕಿಣ್ವಗಳೇ. ಜಿಯೋಸ್ಮಿನ್‌ನ ಕೊನೆಯ ಹಂತಗಳನ್ನು ಒಂದೇ ಕಿಣ್ವ ನಿಭಾಯಿಸುತ್ತದೆ. ಸ್ಟ್ರೆಪ್ಟೊಮೈಸಿನ್ನಿಗೆ ಮಾತ್ರ ಎರಡು ಡಜನ್ನಿಗೂ ಹೆಚ್ಚು ವಂಶವಾಹಿಗಳ ದುಡಿಮೆ ಬೇಕು.

ಅದರ ಶೋಧದ ಕಥೆ ಅಮೆರಿಕದ ನ್ಯೂಜೆರ್ಸಿಯದು. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನೇ ಜೀವನದ ಕಸುಬಾಗಿಸಿಕೊಂಡಿದ್ದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, 1943ರಲ್ಲಿ, 23 ವರ್ಷದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್ ಇದನ್ನು ಪತ್ತೆ ಹಚ್ಚಿದರು. ಅವರಿಗೆ ಸಿಕ್ಕ ಎರಡು ತಳಿಗಳಲ್ಲಿ ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ ಬಂದಿತ್ತು, ಇನ್ನೊಂದು ಕೋಳಿಯೊಂದರ ಗಂಟಲಿನಿಂದ! 1952ರ ನೊಬೆಲ್ ಪ್ರಶಸ್ತಿ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಸಂದಿತು. ಅದಕ್ಕೆ ಮೊದಲೇ ಗುರು ಶಿಷ್ಯರ ಜಗಳ ನ್ಯಾಯಾಲಯದ ಮೆಟ್ಟಿಲೇರಿತ್ತು. ಶಾಟ್ಸ್ ಅವರಿಗೆ ಅನ್ಯಾಯವಾಯಿತೆಂಬುದು ಇಂದು ಅನೇಕರ ಅಭಿಪ್ರಾಯ, ಅದು ತಪ್ಪೆನ್ನಲಾಗದು.

ಮನುಷ್ಯರು ಕೀರ್ತಿಗಾಗಿ ಕಿತ್ತಾಡಿದ ಈ ಔಷಧವನ್ನು ಬ್ಯಾಕ್ಟೀರಿಯಾ ಕಟ್ಟುವ ರೀತಿ ಬಹು ಸ್ವಾರಸ್ಯಕರ. ಕಚ್ಚಾವಸ್ತು ಮುಖ್ಯವಾಗಿ ಸಾಮಾನ್ಯ ಗ್ಲೂಕೋಸ್. ಒಂದೊಂದು ಕಿಣ್ವತಂಡ ಅದನ್ನು ಒಂದೊಂದು ದಾರಿಗೆ ಎಳೆದು ಮೂರು ಬೇರೆ ಬೇರೆ ತುಂಡುಗಳನ್ನು ಮಾಡುತ್ತದೆ. ಬಳಿಕ ಮತ್ತೆ ಕೆಲವು ಕಿಣ್ವಗಳು ಈ ಮೂರನ್ನೂ ಸಾಲಾಗಿ ಬೆಸೆಯುತ್ತವೆ. ಮೂರರಲ್ಲಿ ಒಂದಾದ ಸ್ಟ್ರೆಪ್ಟಿಡಿನ್ ಎಂಬ ತುಂಡಿಗೆ ಸಾರಜನಕದ ಎರಡು ಕವಲುಗಳು ಬೇಕು. ಅವನ್ನು ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಕಿತ್ತು ತಂದು ಕೂರಿಸುವ ಕಿಣ್ವವನ್ನು ಅಮೆರಿಕದ ಜೇಮ್ಸ್ ವಾಕರ್ ವಿವರವಾಗಿ ಅಧ್ಯಯನ ಮಾಡಿದರು. ಈ ಇಡೀ ಕಾರ್ಖಾನೆ ಯಾವಾಗ ಶುರುವಾಗಬೇಕೆಂಬುದಕ್ಕೂ ಒಂದು ಸಂಕೇತವಿದೆ. ಅತ್ಯಲ್ಪ ಪ್ರಮಾಣದಲ್ಲೇ ಕೆಲಸ ಮಾಡುವ ಆ 'ಎ ಫ್ಯಾಕ್ಟರ್' ಅನ್ನು 1967ರಲ್ಲಿ ಬೆಳಕಿಗೆ ತಂದವರು ಸೋವಿಯತ್ ವಿಜ್ಞಾನಿಗಳು.

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಏಳಬಹುದು. ಸ್ಟ್ರೆಪ್ಟೊಮೈಸಿನ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಅದು ಅವುಗಳ ಪ್ರೋಟೀನ್ ತಯಾರಿಕೆಯನ್ನೇ ತಪ್ಪುದಾರಿಗೆಳೆಯುತ್ತದೆ. ಹಾಗಿದ್ದರೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ಸಾಯುವುದಿಲ್ಲವೇಕೆ? ಉತ್ತರ ಇನ್ನೊಂದು ಕಿಣ್ವದಲ್ಲಿದೆ. ಅದು ಅಣುವಿಗೆ ಒಂದು ಫಾಸ್ಫೇಟ್ ಅಂಟಿಸಿ ವಿಷವನ್ನು ನಿಷ್ಕ್ರಿಯವಾಗಿರಿಸುತ್ತದೆ. ಒರೆಯೊಳಗಿಟ್ಟೇ ಕತ್ತಿ ಮಸೆದಂತೆ! ಕೋಶದಿಂದ ಹೊರಬಿದ್ದ ಮೇಲೆ ಮತ್ತೊಂದು ಕಿಣ್ವ ಆ ಫಾಸ್ಫೇಟನ್ನು ಕಳಚುತ್ತದೆ. ಆತಂಕದ ಸಂಗತಿಯೆಂದರೆ ಇದೇ ಬಗೆಯ ಕಿಣ್ವಗಳು ರೋಗ ತರುವ ಹಲವು ಬ್ಯಾಕ್ಟೀರಿಯಾಗಳಲ್ಲೂ ಸೇರಿಕೊಂಡು ಔಷಧವನ್ನು ನಿರರ್ಥಕಗೊಳಿಸಿವೆ. ಕ್ಷಯದ ಬ್ಯಾಕ್ಟೀರಿಯಾ ಬೇರೆಯೇ ದಾರಿ ಹಿಡಿಯಿತು. ಔಷಧ ಬಂದು ಕೂರುವ ಜಾಗವನ್ನೇ ಬದಲಿಸಿಕೊಂಡಿತು. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟರೆ ಕೆಲವೇ ತಿಂಗಳಲ್ಲಿ ರೋಗ ಮರುಕಳಿಸಬಹುದೆಂದು 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೇ ತೋರಿಸಿತ್ತು. ಅಂದಿನಿಂದ ಕ್ಷಯಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬೇರೂರಿತು.

ಭಾರತದಲ್ಲಿ ಈ ಬಗೆಯ ಔಷಧಗಳ ತಯಾರಿಕೆಗೆಂದೇ ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದ ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್ ಅವರ ತಂಡ ಸ್ಟ್ರೆಪ್ಟೊಮೈಸಿಸ್ ಕುಲದ ಮತ್ತೊಂದು ಜೀವಿಯಿಂದ, ಶಿಲೀಂಧ್ರ ರೋಗಗಳಿಗೆ ಮದ್ದಾದ ಹ್ಯಾಮೈಸಿನ್ ಪಡೆಯಿತು. ಆ ಜೀವಿಗೆ ಇಟ್ಟ ಹೆಸರಿನಲ್ಲಿ ಪಿಂಪ್ರಿಯೂ ಸೇರಿದೆ.

ಔಷಧವೇನೋ ಬಂತು. ಅದು ತುಮಕೂರಿನ ಹಳ್ಳಿಗೆ ತಲುಪಿತೆ? ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, 1960ರ ದಶಕದ ಆರಂಭದಲ್ಲಿ ಸಮೀಕ್ಷೆಗೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನೇ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ತಿಳಿವಳಿಕೆಯಾಗಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅವರಲ್ಲಿ ಹೆಚ್ಚಿನವರಿಗೆ ದಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ! ತಪ್ಪು ರೋಗಿಯದಾಗಿರಲಿಲ್ಲ. ಈ ಬಗೆಯ ಅಧ್ಯಯನಗಳ ಬಲದ ಮೇಲೆ ರೂಪುಗೊಂಡ 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ, ಕೆಮ್ಮೆಂದು ಸಾಮಾನ್ಯ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲೇ ಪರೀಕ್ಷಿಸುವುದಕ್ಕೆ ಒತ್ತು ಕೊಟ್ಟಿತು. ಜಗತ್ತಿನ ಕ್ಷಯ ಚಿಕಿತ್ಸೆಯ ಇತಿಹಾಸದಲ್ಲಿ ತುಮಕೂರಿಗೆ ಇಂಥದೊಂದು ಸ್ಥಾನವಿದೆ ಎಂಬುದು ಜಿಲ್ಲೆಯಲ್ಲೇ ಎಷ್ಟು ಜನಕ್ಕೆ ಗೊತ್ತು?

ಇಂದು ಹೊಸದಾಗಿ ಕ್ಷಯ ತಗುಲಿದವರಿಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆ ಜಾಗದಲ್ಲಿ ಮಾತ್ರೆಗಳಿವೆ. ಅವುಗಳಲ್ಲಿ ಮುಖ್ಯವಾದ ರಿಫಾಂಪಿಸಿನ್ ಕೂಡ ಮಣ್ಣಿನ ಮಗುವೇ. ಫ್ರಾನ್ಸಿನ ಪೈನ್ ಕಾಡೊಂದರ ಮಣ್ಣಿನಲ್ಲಿ 1957ರಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಅದರ ಮೂಲ. ಬ್ಯಾಕ್ಟೀರಿಯಾದ ಕಿಣ್ವಗಳು ಅಣುವಿನ ಚೌಕಟ್ಟನ್ನು ಹೆಣೆಯುತ್ತವೆ, ಕಾರ್ಖಾನೆಯ ರಸಾಯನ ವಿಜ್ಞಾನಿಗಳು ಅದನ್ನು ಕೊಂಚ ತಿದ್ದುತ್ತಾರೆ. ಈ ಮಾತ್ರೆ ನುಂಗಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲ ದಿನ ಅದನ್ನು ಕಂಡು ರಕ್ತವೆಂದು ಗಾಬರಿಯಾಗುವವರೂ ಉಂಟು. ಅದು ರಕ್ತವಲ್ಲ, ಆ ಕಿಣ್ವಗಳು ಹೆಣೆದ ಚೌಕಟ್ಟಿನದೇ ಬಣ್ಣ.