ಮನೆಯಲ್ಲಿ 4 ಅಡಿ ಅಕ್ವೇರಿಯಂ ಇಡ್ತೀರಾ? ಮೀನು ಕೊಳ್ಳುವ ಮೊದಲು ನೆಲ, ನೀರು, ಬಿಸಿಲು ನೋಡಿ

ಹೊಸದಾಗಿ ಅಕ್ವೇರಿಯಂ ಇಟ್ಟ ಮನೆಗಳಲ್ಲಿ ಒಂದು ಕಥೆ ಸಾಮಾನ್ಯ. ಶನಿವಾರ ಟ್ಯಾಂಕ್ ಬರುತ್ತದೆ, ಅಂದೇ ನೀರು ತುಂಬುತ್ತಾರೆ, ಭಾನುವಾರ 20 ಮೀನು ಬಿಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ. ಹತ್ತನೇ ದಿನಕ್ಕೆ ಅರ್ಧದಷ್ಟೂ ಉಳಿದಿರುವುದಿಲ್ಲ. ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ಬೈಯುವುದು ಸುಲಭ. ಆದರೆ ಹೊಸ ಟ್ಯಾಂಕ್‌ನಲ್ಲಿ ಮೀನು ಸಾಯುವುದು ಹೆಚ್ಚಾಗಿ ರೋಗದಿಂದಲ್ಲ, ತನ್ನದೇ ಹೊಲಸಿನಿಂದ ಹುಟ್ಟುವ ಅಮೋನಿಯಾದಿಂದ.

ಟ್ಯಾಂಕ್ ದೊಡ್ಡದಾದಷ್ಟೂ ಈ ಅಪಾಯ ತಗ್ಗುತ್ತದೆ. ನೀರು ಹೆಚ್ಚಿದ್ದರೆ ಅದರ ಬಿಸಿ, ಕೊಳೆ ಎರಡೂ ನಿಧಾನವಾಗಿ ಏರುತ್ತವೆ, ತಪ್ಪು ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಟೇಬಲ್ ಮೇಲಿನ ಗಾಜಿನ ಬೋಗುಣಿಗಿಂತ 4 ಅಡಿ ಟ್ಯಾಂಕ್ ನಿಭಾಯಿಸುವುದೇ ಸುಲಭ ಎನ್ನುವುದು ಈ ಕಾರಣಕ್ಕೆ.

ಹಾಗಂತ ಎಲ್ಲ ಊರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೇಗಾಂವ್ ಅನ್ನೇ ನೋಡಿ. ಪವರ್‌ಲೂಮ್‌ಗಳಿಗೆ ಹೆಸರಾದ, ಮೋಸಮ್ ನದಿ ದಂಡೆಯ ಈ ಊರಿನಲ್ಲಿ ಏಪ್ರಿಲ್-ಮೇ ಬಂದರೆ ಪಾದರಸ 42 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯೇ ಅಲ್ಲ. ನೆಲದಡಿ ಇರುವುದು ದಖ್ಖನ್‌ನ ಕಪ್ಪು ಬಸಾಲ್ಟ್ ಬಂಡೆ, ಅದರೊಳಗಿನ ಬೋರ್ ನೀರು ಸಾಮಾನ್ಯವಾಗಿ ಗಡಸು. ಇದೇ ಬಂಡೆ, ಇದೇ ಬಿಸಿಲು ನಮ್ಮ ವಿಜಯಪುರ, ಕಲಬುರಗಿ ಭಾಗದಲ್ಲೂ ಇದೆ. ಮಾಲೇಗಾಂವ್‌ನ ಬೇಸಿಗೆ ದಾಟುವ ಅಕ್ವೇರಿಯಂ ಉತ್ತರ ಕರ್ನಾಟಕದ ಬೇಸಿಗೆಯನ್ನೂ ದಾಟುತ್ತದೆ.

ನೆಲ ತಡೆಯುತ್ತದೆಯೇ?

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಎಂದರೆ 9 ಘನ ಅಡಿ. ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್, ಅಂದರೆ ನೀರೇ 255 ಕೆಜಿ. 10 ಎಂಎಂ ಗಾಜು ಇನ್ನೊಂದು 50 ಕೆಜಿ. ತಳದ ಮರಳು, ಕಲ್ಲು, ಸ್ಟ್ಯಾಂಡ್ ಸೇರಿದರೆ 350ರಿಂದ 400 ಕೆಜಿ. ಇಷ್ಟೂ ಭಾರ ಬೀಳುವುದು ಕೇವಲ 6 ಚದರಡಿ ಜಾಗದ ಮೇಲೆ.

ವಾಸದ ಮನೆಯ ಕೋಣೆಗಳಿಗೆ ಸಾಮಾನ್ಯವಾಗಿ ಚದರ ಮೀಟರ್‌ಗೆ ಸುಮಾರು 200 ಕೆಜಿ ಹೊರೆ ಎಂದು ಲೆಕ್ಕ ಹಿಡಿದು ಸ್ಲ್ಯಾಬ್ ಹಾಕುತ್ತಾರೆ. ಅದು ಇಡೀ ಕೋಣೆಗೆ ಹರಡಿದ ಲೆಕ್ಕ. ಹಾಗಾಗಿ ಟ್ಯಾಂಕ್ ಇಟ್ಟ ಕೂಡಲೇ ಸ್ಲ್ಯಾಬ್ ಬೀಳುತ್ತದೆ ಎಂದೇನೂ ಅಲ್ಲ. ಆದರೆ ಹಾಲ್ ನಡುವೆ ಇಡುವುದು ಬೇಡ. ಗೋಡೆಗೆ ಒತ್ತಿ, ಸಾಧ್ಯವಾದರೆ ಬೀಮ್ ಇರುವ ಕಡೆ ಇಡಿ. ನೆಲಮಹಡಿಯಾದರೆ ಚಿಂತೆಯಿಲ್ಲ. ಹಳೆಯ ಮನೆಯ ಮೇಲ್ಮಹಡಿ, ಮರದ ತೊಲೆಯ ಮಾಳಿಗೆಯಾದರೆ ಎಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ. 5-6 ಅಡಿಯ, 2 ಅಡಿ ಎತ್ತರದ ಟ್ಯಾಂಕ್ ಬೇಕೆನ್ನುವವರಿಗೆ ಗಾಜು 12 ಎಂಎಂ ಆದರೂ ಇರಲಿ.

ಸ್ಟ್ಯಾಂಡ್ ಮೇಲೆ ಥರ್ಮಾಕೋಲ್ ಹಾಳೆ ಹಾಸಿ ಟ್ಯಾಂಕ್ ಕೂರಿಸಿ. ಇಲ್ಲದಿದ್ದರೆ ಕಬ್ಬಿಣದ ಸಣ್ಣ ಉಬ್ಬೂ ತಳದ ಗಾಜನ್ನು ಸೀಳಬಲ್ಲದು. ಮಟ್ಟ ನೋಡಿ. ಮರಳು ಹಾಕುವ ಮೊದಲೇ ಬರೀ ನೀರು ತುಂಬಿ ಎರಡು ದಿನ ಬಿಡಿ. ಸಿಲಿಕಾನ್ ಅಂಟು ಎಲ್ಲಾದರೂ ಸೋರಿದರೆ ಆಗಲೇ ಗೊತ್ತಾಗಲಿ. ಕಿಟಕಿ ಬಿಸಿಲು ನೇರ ಬೀಳುವ ಜಾಗ ಬೇಡ. ಅಲ್ಲಿ ಬೆಳೆಯುವುದು ಪಾಚಿ ಮಾತ್ರ.

ಮೊದಲ ತಿಂಗಳು ಮೀನಿಲ್ಲ

ಹೊಸಬರಿಗೆ ಅತಿ ಕಷ್ಟದ ಭಾಗ ಇದೇ. ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಮೀನಿಗೆ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರ್‌ನ ಸ್ಪಂಜು, ಸೆರಾಮಿಕ್ ಉಂಗುರಗಳ ಮೇಲೆ ನೆಲೆಯೂರಲು 4ರಿಂದ 6 ವಾರ ಬೇಕು.

ಬಿಸಿಲೂರಿನಲ್ಲಿ ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ನೀರಿನಲ್ಲಿರುವ ಅಮೋನಿಯಾ ಎಲ್ಲವೂ ಒಂದೇ ಥರ ವಿಷವಲ್ಲ. ನೀರು ಬಿಸಿಯಾದಷ್ಟೂ, ಕ್ಷಾರೀಯವಾದಷ್ಟೂ ಅದರ ವಿಷರೂಪದ ಪಾಲು ಏರುತ್ತದೆ. ಪಿಎಚ್ 7 ಇರುವ 25 ಡಿಗ್ರಿ ನೀರಿಗೆ ಹೋಲಿಸಿದರೆ, ಪಿಎಚ್ 8 ಇರುವ 30 ಡಿಗ್ರಿ ನೀರಿನಲ್ಲಿ ಈ ಪಾಲು ಹತ್ತು ಪಟ್ಟಿಗೂ ಹೆಚ್ಚು. ಮಲೆನಾಡಿನ ತಣ್ಣನೆಯ ಮೆದು ನೀರಿನಲ್ಲಿ ಹೇಗೋ ಪಾರಾಗುವ ತಪ್ಪು ಮಾಲೇಗಾಂವ್‌ನಲ್ಲಿ, ಕಲಬುರಗಿಯಲ್ಲಿ ಮೀನಿನ ಪ್ರಾಣ ತೆಗೆಯುವುದು ಹೀಗೆ.

ಫಿಲ್ಟರ್ ಆನ್ ಮಾಡಿ, ಮೀನಿಲ್ಲದ ಟ್ಯಾಂಕ್‌ಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಹೋಗಿ. ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಅಮೋನಿಯಾ ಒದಗಿಸುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಂಡ ದಿನ ಟ್ಯಾಂಕ್ ತಯಾರು. ಪರಿಚಯದವರ ಆರೋಗ್ಯವಂತ ಟ್ಯಾಂಕ್‌ನ ಹಳೆಯ ಸ್ಪಂಜು ಸಿಕ್ಕರೆ ನಿಮ್ಮ ಫಿಲ್ಟರ್‌ಗೆ ಸೇರಿಸಿ, ಕಾಯುವ ದಿನ ಕಡಿಮೆಯಾಗುತ್ತವೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

250 ಲೀಟರ್‌ಗೆ ಗಂಟೆಗೆ 1,000ದಿಂದ 1,500 ಲೀಟರ್ ನೀರು ಹಾಯಿಸುವ ಕ್ಯಾನಿಸ್ಟರ್ ಫಿಲ್ಟರ್ ಅಥವಾ ಕೆಳಗೆ ಸಂಪ್ ಬೇಕು. ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ.

ವಾರಕ್ಕೆ 50-60 ಲೀಟರ್ ನೀರು ಬದಲಿಸಬೇಕಾಗುತ್ತದೆ. ದಿನ ಬಿಟ್ಟು ದಿನ ನಲ್ಲಿ ನೀರು ಬರುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಒಂದು ಡ್ರಮ್ ಇದಕ್ಕೇ ಮೀಸಲಿಡಿ. ನಗರಸಭೆ ನೀರನ್ನು ಒಂದು ದಿನ ಏರ್ ಪಂಪ್ ಹಾಕಿ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ತುರ್ತಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಬಳಸಿ. ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ.

ಬೋರ್ ನೀರಿಗೆ ಯಾವ ಮೀನು?

ಬೇಳೆ ಬೇಗ ಬೇಯದ, ಸೋಪು ನೊರೆ ಕೊಡದ, ಗೀಸರ್ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುವ ನೀರು ನಿಮ್ಮದಾದರೆ ಅದು ಗಡಸು. ಔಷಧಿ ಹಾಕಿ ಪಿಎಚ್ ಇಳಿಸುವ ಹಟ ಬೇಡ. ಎರಡು ದಿನದಲ್ಲಿ ಅದು ಮತ್ತೆ ಏರುತ್ತದೆ, ಆ ಏರಿಳಿತವೇ ಮೀನಿಗೆ ಹೆಚ್ಚು ಹಾನಿ. ನೀರಿಗೆ ತಕ್ಕ ಮೀನು ಆರಿಸುವುದೇ ಜಾಣತನ.

ಮೊದಲ ಹೆಸರು ಬೋಸ್ಮಾನಿ ರೇನ್‌ಬೋ. ಪಶ್ಚಿಮ ಪಪುವಾದ ಸರೋವರಗಳ ಈ ಮೀನಿನ ಮುಂಭಾಗ ನೀಲಿ, ಹಿಂಭಾಗ ಕಿತ್ತಳೆ. ಕ್ಷಾರೀಯ ನೀರು, 27-30 ಡಿಗ್ರಿ ಬಿಸಿ ಎರಡೂ ಇದಕ್ಕೆ ಒಗ್ಗುತ್ತವೆ. ಮರಿಯಾಗಿದ್ದಾಗ ಬಣ್ಣವಿರುವುದಿಲ್ಲ, ಹಾಗಾಗಿ ಅಂಗಡಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಅಷ್ಟೆ. ಜತೆಗೆ ಮೋಲಿ, ಗಪ್ಪಿಗಳಿಗೂ ಗಡಸು ನೀರೇ ಇಷ್ಟ. ಬ್ಲೂ ಗೌರಾಮಿ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಬೇಸಿಗೆಯಲ್ಲಿ ಇದು ದೊಡ್ಡ ಅನುಕೂಲ. 4 ಅಡಿ ಟ್ಯಾಂಕ್‌ಗೆ 8 ಬೋಸ್ಮಾನಿ, 6 ಮೋಲಿ, 3 ಗೌರಾಮಿ ಸಾಕು. ಅವನ್ನೂ ಒಮ್ಮೆಗೇ ಬಿಡದೆ, ಎರಡು-ಮೂರು ವಾರದ ಅಂತರದಲ್ಲಿ ಬಿಡಿ. ಮೋಲಿ ಮರಿ ಹಾಕುತ್ತಲೇ ಇರುತ್ತದೆ ಎಂಬುದು ನೆನಪಿರಲಿ. ಗಿಡ ಬೇಕೆಂದರೆ ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲೂ ಚೆನ್ನಾಗಿ ಬರುತ್ತದೆ.

ಬೇಡದವುಗಳ ಪಟ್ಟಿ ಉದ್ದವಿದೆ. ಗೋಲ್ಡ್ ಫಿಶ್ ತಣ್ಣೀರಿನ ಮೀನು. ನಿಯಾನ್ ಟೆಟ್ರಾ, ಡಿಸ್ಕಸ್‌ಗೆ ಮೆದು ನೀರು ಬೇಕು. ಪಶ್ಚಿಮ ಘಟ್ಟದ ‘ಮಿಸ್ ಕೇರಳ’ ನೋಡಲು ಸುಂದರ, ಆದರೆ ತಂಪಾಗಿ ಹರಿಯುವ ಹೊಳೆ ನೀರಿನಲ್ಲಿ ಬೆಳೆದದ್ದು. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಪ್ರಭೇದವೂ ಹೌದು. ಬಯಲುಸೀಮೆಯ ಬಿಸಿಲಿಗೆ ಅದನ್ನು ತಂದು ಕೊಲ್ಲುವುದು ಬೇಡ.

ಮೂರು ಇಂಚಿನ ‘ಶಾರ್ಕ್’ ಮರಿಗೂ ಮರುಳಾಗಬೇಡಿ. ಆ ಹೆಸರಿನಲ್ಲಿ ಮಾರುವ ಪಂಗಾಸಿಯಸ್ ಒಂದು ಮೀಟರ್ ಮೀರಿ ಬೆಳೆಯಬಲ್ಲದು. ಗಾಜು ಉಜ್ಜಲು ಎಂದು ತರುವ ಸಕ್ಕರ್ ಫಿಶ್ ಒಂದು ಅಡಿ ದಾಟುತ್ತದೆ. ಸಿಲ್ವರ್ ಅರೋವಾನಾಗೆ 4 ಅಡಿ ಟ್ಯಾಂಕ್‌ನಲ್ಲಿ ತಿರುಗಲೂ ಜಾಗ ಸಾಲದು.

ಮೇ ತಿಂಗಳ ಮಧ್ಯಾಹ್ನ

20 ಡಿಗ್ರಿ ನೀರಿನಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 34 ಡಿಗ್ರಿಯಲ್ಲಿ ಕರಗುವುದು 7 ಮಾತ್ರ. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿರುತ್ತದೆ. ಆಗ ಊಟ ಕಡಿಮೆ ಮಾಡಿ, ಏರ್ ಪಂಪ್ ನಿಲ್ಲಿಸಬೇಡಿ, ಲೈಟ್ ಆರಿಸಿ.

ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟರೆ ನೀರು 2ರಿಂದ 4 ಡಿಗ್ರಿ ತಣ್ಣಗಾಗುತ್ತದೆ. ಮಣ್ಣಿನ ಮಡಕೆಯ ಗುಟ್ಟೇ ಇದು. ಮಾಲೇಗಾಂವ್, ವಿಜಯಪುರದ ಒಣ ಬೇಸಿಗೆಯಲ್ಲಿ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟು ಮಾಡದು. ಬಿಸಿಲೂರಿಗೆ ಇರುವ ಒಂದೇ ಲಾಭ ಎನ್ನಿ. ಆದರೆ ನೀರು ದಿನಾ ಆವಿಯಾಗುತ್ತದೆ, ಲವಣ ಉಳಿದು ಗಡಸುತನ ಏರುತ್ತದೆ. ಆರಿದಷ್ಟು ನೀರನ್ನು ಮಾತ್ರ ಆರ್‌ಒ ಅಥವಾ ಮಳೆನೀರಿನಿಂದ ತುಂಬಿ. ಐಸ್ ಗಡ್ಡೆ ಹಾಕಿ ಒಮ್ಮೆಲೇ ತಣ್ಣಗೆ ಮಾಡುವುದು ಮೀನಿಗೆ ಆಘಾತ.

ಕರೆಂಟ್ ಹೋದಾಗ ಫಿಲ್ಟರ್‌ಗಿಂತ ಮೊದಲು ಬೇಕಿರುವುದು ಗಾಳಿ. ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ, ಇಲ್ಲವೇ ಏರ್ ಪಂಪನ್ನು ಇನ್ವರ್ಟರ್ ಲೈನ್‌ಗೆ ಕೊಡಿ. ಮೂರ್ನಾಲ್ಕು ಗಂಟೆ ನಿಂತ ಕ್ಯಾನಿಸ್ಟರ್ ಫಿಲ್ಟರನ್ನು ಹಾಗೇ ಚಾಲು ಮಾಡಿದರೆ ಒಳಗೆ ಕೊಳೆತ ನೀರು ಟ್ಯಾಂಕ್‌ಗೆ ನುಗ್ಗುತ್ತದೆ. ಆ ನೀರು ಚೆಲ್ಲಿ, ನಂತರ ಹಾಕಿ.

ಮೀನು ದೊಡ್ಡದಾಯಿತು, ಸಾಕಾಯಿತು ಎನಿಸಿದರೆ ಕೆರೆಗೋ ನದಿಗೋ ಬಿಡುವವರಿದ್ದಾರೆ. ಪುಣ್ಯದ ಕೆಲಸ ಎಂದೇ ಅನೇಕರ ನಂಬಿಕೆ. ಹೀಗೆ ಹೊರಬಿದ್ದ ಸಕ್ಕರ್ ಫಿಶ್ ಈಗ ದೇಶದ ಹಲವು ಕೆರೆ-ನದಿಗಳಲ್ಲಿ ಸಂತಾನ ಬೆಳೆಸಿಕೊಂಡಿದೆ. ಅದರ ಗಟ್ಟಿ ಮುಳ್ಳುಗಳು ಮೀನುಗಾರರ ಬಲೆ ಹರಿಯುತ್ತವೆ, ತಿನ್ನಲು ಕೊಳ್ಳುವವರಿಲ್ಲ. 2023ರ ಮೇನಲ್ಲಿ ಶ್ರೀನಗರದ ದಾಲ್ ಸರೋವರ ಶುಚಿಗೊಳಿಸುವಾಗ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಮೀನೇ ಸಿಕ್ಕಿತ್ತು. ಮರಳಿ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಮೀನು ಕೊಳ್ಳುವ ದಿನವೇ ಕೇಳಿ. ಇಲ್ಲ ಎಂದರೆ ದೊಡ್ಡದಾಗಿ ಬೆಳೆಯುವ ಮೀನನ್ನು ಅಲ್ಲೇ ಬಿಟ್ಟು ಬನ್ನಿ.