ಹಸಿವಿನ ತಿಂಗಳುಗಳಾಚೆಯ ಕೊಯ್ಲು

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಾಮುದಾಯಿಕ ಹುಲ್ಲುಗಾವಲುಗಳಿಗೆ ಬೇಲಿ ಬಿದ್ದು ಅವು ಖಾಸಗಿ ಸ್ವತ್ತಾದಾಗ ನೆಲದ ಹಕ್ಕು ಕಳೆದುಕೊಂಡ ಕೂಲಿಕಾರರಿಗೆ, ಅಲ್ಪ ಗೇಣಿಗೆ ತರಕಾರಿ ಬೆಳೆಯಲು ಕೊಡುತ್ತಿದ್ದ ತುಂಡು ಭೂಮಿಯೇ ‘ಅಲಾಟ್‌ಮೆಂಟ್’. ಕಳೆದುಹೋದದ್ದಕ್ಕೆ ಹೋಲಿಸಿದರೆ ಈ ಪರಿಹಾರ ತೀರಾ ಕಿರಿದು ಎಂದೇ ಹೇಳಬೇಕು. ಬೇಡಿಕೆಯಿದ್ದಲ್ಲಿ ಇಂಥ ತುಂಡುಗಳನ್ನು ಒದಗಿಸುವ ಹೊಣೆಯನ್ನು 1908ರ ಕಾಯಿದೆ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ವಾಡಿಕೆಯ ಅಳತೆ ಹತ್ತು ರಾಡ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಗುಂಟೆ.

ಚಳಿಗಾಲದ ದಾಸ್ತಾನು ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬಾರದ ಏಪ್ರಿಲ್, ಮೇ ತಿಂಗಳುಗಳನ್ನು ಅಲ್ಲಿನ ತೋಟಗಾರರು ‘ಹಸಿವಿನ ಅಂತರ’ ಎಂದು ಕರೆಯುತ್ತಿದ್ದುದರಿಂದ, ಜೂನ್ ತಿಂಗಳ ಮೊದಲ ಕೊಯ್ಲಿಗೆ ರುಚಿಯನ್ನೂ ಮೀರಿದ ಬೆಲೆಯಿತ್ತು. ಶರತ್ಕಾಲದಲ್ಲೇ ಬಿತ್ತಿದ ಬ್ರಾಡ್ ಬೀನ್ಸ್ ಗಿಡದ ಬುಡದಲ್ಲಿ ಕಾಯಿ ಕಚ್ಚಿದೊಡನೆ, ಕಪ್ಪು ಸಸ್ಯಹೇನುಗಳು ಮುತ್ತುವುದು ಎಳೆಯ ತುದಿಗೇ ಆದ್ದರಿಂದ, ಆ ಕುಡಿಯನ್ನು ಬೆರಳಲ್ಲಿ ಚಿವುಟಿ ತೆಗೆಯುತ್ತಿದ್ದರು. ಹೇನು ಹತ್ತದ ಕುಡಿಗಳು ಬೆಂದು ಊಟಕ್ಕೂ ಒದಗುತ್ತಿದ್ದವು. ಗೆಡ್ಡೆಗಳು ಬೆಳಕು ತಾಗಿ ಹಸಿರಾಗಿ ವಿಷವೇರದಂತೆ ಆಲೂಗೆಡ್ಡೆಯ ಸಾಲಿಗೆ ಮಣ್ಣು ಏರಿಸುವುದು, ಆಸ್ಪರಾಗಸ್ ಬೇರು ಮುಂದಿನ ವರ್ಷಕ್ಕೆ ಬಲಗೊಳ್ಳಲೆಂದು ಜೂನ್ ನಡುವಿನಲ್ಲಿ ಅದರ ಕೊಯ್ಲು ನಿಲ್ಲಿಸುವುದು, ಬಿಸಿಲಿರುವಾಗಲೇ ಕಳೆ ಕೆರೆದು ಒಣಗಲು ಬಿಡುವುದು, ಇವೆಲ್ಲ ಕಾರ್ಖಾನೆಯ ಪಾಳಿ ಮುಗಿದ ಮೇಲೆ, ಉತ್ತರದ ದೀರ್ಘ ಸಂಜೆಗಳ ಬೆಳಕಿನಲ್ಲಿ ನಡೆಯುತ್ತಿದ್ದ ದುಡಿಮೆ.

1939ರಲ್ಲಿ ಆರಂಭವಾದ ‘ವಿಜಯಕ್ಕಾಗಿ ಅಗೆಯಿರಿ’ ಅಭಿಯಾನ ಈ ತುಂಡುಗಳ ಸಂಖ್ಯೆಯನ್ನು ಸುಮಾರು 14 ಲಕ್ಷಕ್ಕೇರಿಸಿ, ಬಡವರ ಆಸರೆಯಾಗಿದ್ದ ಪದ್ಧತಿಯನ್ನು ಯುದ್ಧಕಾಲದ ರಾಷ್ಟ್ರೀಯ ಕರ್ತವ್ಯವನ್ನಾಗಿ ಮಾಡಿತು.