ಎಡಗೈಯ ಸ್ವರಗಳನ್ನು ಬರೆದವರು ಯಾರು?



ಧರ್ಮಕೇಂದ್ರದ ಹಬ್ಬದ ಸಂಜೆಗೆ ಹಳೆಯ ಹಿಂದಿ ಸಿನಿಮಾ ಹಾಡೊಂದನ್ನು ಪಿಯಾನೋ ಶೈಲಿಯಲ್ಲಿ, ಕೀಬೋರ್ಡ್ ಒಂದರಲ್ಲೇ ನುಡಿಸೋಣ ಎಂದು ನಾವು ಕುಳಿತೆವು. ಹಾಡಿನ ಧಾಟಿ ಬೇಗನೆ ಬಲಗೈಗೆ ಬಂತು. ಆದರೆ ಕೇಳಿದರೆ ಸಪ್ಪೆ! ಮತ್ತೆ ಮತ್ತೆ ಹಾಡು ಕೇಳಿದಾಗ ಕಾರಣ ತಿಳಿಯಿತು. ಗಾಯಕರು ಉಸಿರೆಳೆದುಕೊಳ್ಳುವ ಕಡೆಯಲ್ಲೆಲ್ಲ ವಯಲಿನ್‌ಗಳು ಅವರಿಗೆ ಉತ್ತರ ಕೊಡುತ್ತವೆ. ಅದನ್ನು ಬಿಟ್ಟರೆ ಹಾಡು ಅರ್ಧವೇ.

ಆ ಉತ್ತರವನ್ನು ಬರೆದವರು ಯಾರು? ರೆಕಾರ್ಡಿನ ಮೇಲೆ ಸಂಗೀತ ನಿರ್ದೇಶಕರು, ಕವಿ, ಗಾಯಕರ ಹೆಸರಿರುತ್ತದೆ. ಇದನ್ನು ಬರೆದ ಅರೇಂಜರ್ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಪರದೆಯ ಮೇಲೆ ಬಂದರೂ ‘ಸಹಾಯಕ’ ಎಂಬ ಸಾಲಿನಲ್ಲಿ ಕ್ಷಣಮಾತ್ರ. ಅವರನ್ನು ಹುಡುಕುತ್ತಾ ಹೋದ ನಾವು ತಲುಪಿದ್ದು ಗೋವಾದ ಚರ್ಚ್ ಶಾಲೆಗಳಿಗೆ.

ಪೋರ್ಚುಗೀಸರ ಕಾಲದಲ್ಲಿ ಗೋವಾದ ಧರ್ಮಕೇಂದ್ರಗಳಿಗೆ ಸೇರಿದಂತೆ ಶಾಲೆಗಳಿದ್ದವು. ಅಲ್ಲಿ ‘ಮೆಸ್ತ್ರೆ’ ಮಕ್ಕಳಿಗೆ ಐದು ಗೆರೆಗಳ ಸ್ವರಲಿಪಿ, ಹಾಡುಗಾರಿಕೆ, ವಯಲಿನ್ ಕಲಿಸುತ್ತಿದ್ದರು. (ಗಾರೆ ಕೆಲಸದವರನ್ನು ನಾವು ‘ಮೇಸ್ತ್ರಿ’ ಎನ್ನುತ್ತೇವಲ್ಲ, ಅದೂ ಇದೇ ಪೋರ್ಚುಗೀಸ್ ಪದ.) ಉದ್ದೇಶ ಬಲಿಪೂಜೆಯ ಗಾಯನ. ಆದರೆ ಕಲಿತ ಮಕ್ಕಳ ಕೈಗೆ ಒಂದು ಕಸುಬೇ ಬಂತು. ಕೆಲಸ ಹುಡುಕಿ ಮುಂಬೈಗೆ ಹೋದವರು ಹೋಟೆಲುಗಳ ಜಾಝ್ ಬ್ಯಾಂಡುಗಳನ್ನು ಸೇರಿದರು, ಅಲ್ಲಿಂದ ಸಿನಿಮಾ ಸ್ಟುಡಿಯೋಗಳಿಗೆ ಬಂದರು.

ಸ್ಟುಡಿಯೋಗಳಿಗೆ ಅವರು ಬೇಕೇ ಬೇಕಾಗಿತ್ತು. ನಮ್ಮ ಶಾಸ್ತ್ರೀಯ ಸಂಗೀತದ ಜೀವ ಒಂದೇ ಧಾಟಿಯ ಬೆಳವಣಿಗೆಯಲ್ಲಿದೆ. ಹಲವು ಸ್ವರಗಳನ್ನು ಒಟ್ಟಿಗೆ ಜೋಡಿಸುವ ಹಾರ್ಮನಿ ಅದರಲ್ಲಿಲ್ಲ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ಧಾಟಿ ಹಾಡುತ್ತಿದ್ದರು. ಅದನ್ನು ಸ್ವರಲಿಪಿಗೆ ಇಳಿಸಿ, ವಯಲಿನ್, ಚೆಲ್ಲೊ, ಟ್ರಂಪೆಟ್‌ಗಳಿಗೆ ಬೇರೆ ಬೇರೆ ಭಾಗ ಬರೆದು ಹಂಚುವವರು ಅರೇಂಜರ್. ಹಾಳೆ ನೋಡಿದೊಡನೆ ನುಡಿಸಬಲ್ಲವರು ಎದುರಿಗೆ ಕುಳಿತಿದ್ದರೆ ಮಾತ್ರ ಈ ಕೆಲಸ ಬೇಗ ಸಾಗುತ್ತದೆ. ಆ ಓದು ಗೋವಾದವರಿಗೆ ಬಾಲ್ಯದಿಂದಲೇ ಬಂದಿತ್ತು.

ರೈಸ್ ಮಾಗೋಸ್‌ನ ಸೆಬಾಸ್ಟಿಯನ್ ಡಿಸೋಜ ದೇಶ ವಿಭಜನೆಗೆ ಮುಂಚೆ ಲಾಹೋರಿನಲ್ಲಿ ಬ್ಯಾಂಡ್ ನಡೆಸುತ್ತಿದ್ದರು. ಬಳಿಕ ಮುಂಬೈಯಲ್ಲಿ ಶಂಕರ್–ಜೈಕಿಶನ್ ಜೋಡಿಗೆ ಸುಮಾರು ಎರಡು ದಶಕ ಅರೇಂಜರ್ ಆಗಿದ್ದರು. 1964ರ ‘ಸಂಗಮ್’ ಚಿತ್ರದಲ್ಲಿ ರಾಜ್ ಕಪೂರ್ ಪಿಯಾನೋ ಮುಂದೆ ಕುಳಿತು ಹಾಡುವ ದೃಶ್ಯವಿದೆ. ನಮಗೆ ಕಾಣುವುದು ಪಿಯಾನೋ. ಹಿಂದೆ ನುಡಿಸುವವರು ಯಾರೂ ಕಾಣುವುದಿಲ್ಲ. ಅರೇಂಜರ್‌ಗಳ ಬದುಕೂ ಹಾಗೆಯೇ ಇತ್ತು.

ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಅವರ ತಂದೆ ಊರ ಚರ್ಚಿನ ಗಾಯನವೃಂದದ ಮುಖ್ಯಸ್ಥರಾಗಿದ್ದರು. ಮಗ ಮುಂಬೈಯಲ್ಲಿ ವಯಲಿನ್ ವಾದಕ, ಅರೇಂಜರ್, ಗುರು. 1958ರಲ್ಲಿ ಅವರು ಭಾರತೀಯ ರಾಗಗಳನ್ನು ದೊಡ್ಡ ಆರ್ಕೆಸ್ಟ್ರಾಕ್ಕೆ ಅಳವಡಿಸಿ ಸಂತ ಝೇವಿಯರ್ ಕಾಲೇಜಿನ ಅಂಗಳದಲ್ಲಿ ನುಡಿಸಿದರು. ಅವರ ಶಿಷ್ಯರಲ್ಲೊಬ್ಬರು ಪ್ಯಾರೇಲಾಲ್. 1977ರ ‘ಅಮರ್ ಅಕ್ಬರ್ ಆಂಥನಿ’ ಚಿತ್ರಕ್ಕೆ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಸಂಗೀತ ಕೊಟ್ಟಾಗ ಗುರುವಿನ ಹೆಸರೇ ಒಂದು ಹಾಡಾಯಿತು. ಆ ಹಾಡಿಗೆ ದೇಶವೇ ಕುಣಿಯಿತು. ಆದರೆ ಆ ಹೆಸರಿನ ನಿಜವಾದ ಮನುಷ್ಯ ಇದ್ದಾರೆಂಬುದು ಎಷ್ಟು ಜನರಿಗೆ ಗೊತ್ತಿತ್ತು?

ಈಗ ನಮ್ಮ ಕೀಬೋರ್ಡಿಗೆ ಬರೋಣ. ಇಡೀ ಆರ್ಕೆಸ್ಟ್ರಾವನ್ನು ಹತ್ತು ಬೆರಳಿಗೆ ಇಳಿಸುವಾಗ ಆಯ್ಕೆ ಮಾಡಲೇಬೇಕು. ಬಲಗೈಯ ಕಿರುಬೆರಳಿನ ಕಡೆ ಧಾಟಿ, ಎಡಗೈಯಲ್ಲಿ ಕೆಳಸ್ವರ ಮತ್ತು ತಾಳ. ನಡುವೆ ಉಳಿದ ಬೆರಳುಗಳಿಗೆ ವಯಲಿನ್‌ಗಳ ಉತ್ತರ. ವಯಲಿನ್ ಸ್ವರವನ್ನು ಎಳೆದು ಹಿಡಿಯಬಲ್ಲದು, ಪಿಯಾನೋ ಸ್ವರ ಒತ್ತಿದ ಕೂಡಲೇ ಕುಗ್ಗತೊಡಗುತ್ತದೆ. ಆದ್ದರಿಂದ ಕಾರ್ಡ್‌ಗಳನ್ನು ಬಿಡಿಸಿ ಒಂದೊಂದೇ ಸ್ವರವಾಗಿ ನುಡಿಸುತ್ತೇವೆ, ಪೆಡಲ್ ಒತ್ತುತ್ತೇವೆ. ಗಾಯಕರು ಸ್ವರದಿಂದ ಸ್ವರಕ್ಕೆ ಜಾರುವುದು ಪಿಯಾನೋದಲ್ಲಿ ಆಗದು. ಪಕ್ಕದ ಸ್ವರವನ್ನು ಚಿಕ್ಕದಾಗಿ ತಾಗಿಸಿ ಅದರ ನೆನಪು ತರಬೇಕು. ಹೀಗೆ ಒಂದೊಂದೇ ಪದರ ಬಿಡಿಸಿದಾಗ ಅರೇಂಜರ್ ಬರೆದದ್ದು ಎಷ್ಟೆಂದು ಬೆರಳಿಗೇ ಗೊತ್ತಾಗುತ್ತದೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಪ್ರಭುವಿನ ಬೋಧನೆ ನಮಗೆ ಗೊತ್ತು. ಅದು ಕೊಡುವವರಿಗೆ ಹೇಳಿದ ಮಾತು. ಪಡೆದವರು ಕೃತಜ್ಞತೆ ಮರೆಯಲು ಅದನ್ನು ನೆಪ ಮಾಡಿಕೊಳ್ಳಬಾರದು. ಎಲೆಮರೆಯ ಕಾಯಿಗಳು ನಮ್ಮ ಚರ್ಚಿನಲ್ಲೂ ಇದ್ದಾರೆ. ಗಾಯನವೃಂದದ ಹಿರಿಯರೊಬ್ಬರು ಕೈಯಲ್ಲಿ ಬರೆದಿಟ್ಟ ಸ್ವರದ ಪುಸ್ತಕ ಬೀರುವಿನಲ್ಲಿ ಧೂಳು ಹಿಡಿಯುತ್ತಿದ್ದರೆ, ನಾವು ಮೊಬೈಲ್ ನೋಡಿ ಬೆರಳಿಡುವುದನ್ನಷ್ಟೇ ಕಲಿಯುತ್ತಿದ್ದೇವೆ. ಅವರಿರುವಾಗಲೇ ಐದು ಗೆರೆ ಓದಲು ಕಲಿಯೋಣ. ಹಬ್ಬದ ಸಂಜೆ ಹಾಡು ನುಡಿಸುವ ಮುನ್ನ ಗಾಯಕರ ಹೆಸರಿನ ಜೊತೆ ಅರೇಂಜರ್ ಹೆಸರನ್ನೂ ಹೇಳೋಣ.

ಪ್ರಭು ನಮ್ಮೆಲ್ಲರ ಕೈಗಳನ್ನು, ಬಲಗೈಯನ್ನೂ ಎಡಗೈಯನ್ನೂ, ಆಶೀರ್ವದಿಸಲಿ.